ಪದಚರ್ಚೆ: ‘ಆತಿಥೇಯ’ ಅಂದರೆ ಬರೋರಾ, ಕರೆಯೋರಾ?

ಎಲ್ಲರಿಗೂ ನಮಸ್ಕಾರ.

ಒಲಿಂಪಿಕ್ಸ್, ವಿಶ್ವಕಪ್ ಇಂಥವಕ್ಕೆ ಊರನ್ನು ಹೇಗೆ ಆರಿಸುತ್ತಾರೆ ಅನ್ನೋದರ ಬಗ್ಗೆ ಒಂದು ಉದ್ದದ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಲ್ಕು ಪುಟ ಆಗುವಷ್ಟರಲ್ಲಿ ‘ಆತಿಥೇಯ’ ಹನ್ನೊಂದು ಸಲ ಬಂತು. ಕರಡು ಓದಿದ ಅಣ್ಣನ ಮಗಳು, “ಚಿಕ್ಕಪ್ಪ, ಆತಿಥೇಯ ಅಂದ್ರೆ ಬರೋರಾ, ಕರೆಯೋರಾ?” ಅಂದಳು. ತಪ್ಪು ಅವಳದಲ್ಲ. ಎರಡು ಕಡೆ ನಾನೇ ‘ಅತಿಥೇಯ’ ಅಂತ ಬರೆದಿದ್ದೆ. ಆ ಒಂದು ದೀರ್ಘ ಬಿದ್ದುಹೋದರೆ ಉಣ್ಣುವವರು ಯಾರು, ಬಡಿಸುವವರು ಯಾರು ಅಂತ ಗೊತ್ತಾಗೋದು ಹೇಗೆ?

ಕಾಗುಣಿತ ತಿದ್ದಿದೆ. ಆದರೆ ಪದದ ಮೇಲೆಯೇ ಅನುಮಾನ ಶುರುವಾಯಿತು. ತಿಥಿ ಹೇಳದೆ ಬರುವವನು ಅತಿಥಿ ಅನ್ನೋದು ಹಳೆಯ ವಿವರಣೆ. (ವಡೆ ಪಾಯಸದ ತಿಥಿ ಬೇರೆ, ಅದನ್ನು ಇಲ್ಲಿ ಎಳೆಯಬೇಡಿ.) ಹೊತ್ತಲ್ಲದ ಹೊತ್ತಲ್ಲಿ ಬಂದವನಿಗೂ ಕಾಲಿಗೆ ನೀರು ಕೊಟ್ಟು ಒಳಗೆ ಕರೆಯುವವನು ಆತಿಥೇಯ. ಈ ಕ್ರೀಡಾಕೂಟಗಳಲ್ಲಿ ತಿಥಿ ವರ್ಷಗಟ್ಟಲೆ ಮೊದಲೇ ಗೊತ್ತಿರುತ್ತದೆ. ಎಷ್ಟೋ ಸಲ ಜಗಳ ನಡೆಯೋದೇ ತಿಥಿಯ ಮೇಲೆ. ಕತಾರ್‌ಗೆ ಫುಟ್‌ಬಾಲ್ ವಿಶ್ವಕಪ್ ಸಿಕ್ಕಿದ್ದು 2010ರಲ್ಲಿ. ಅಲ್ಲಿನ ಬೇಸಿಗೆಯಲ್ಲಿ ಆಡೋಕಾಗಲ್ಲ ಅಂತ ಆಮೇಲೆ ಅದನ್ನು 2022ರ ನವೆಂಬರ್-ಡಿಸೆಂಬರ್‌ಗೆ ತಳ್ಳಿದರು. ಯುರೋಪಿನ ಲೀಗ್‌ಗಳು ಅರ್ಧದಲ್ಲಿ ಆಟ ನಿಲ್ಲಿಸಿ ಕೂರಬೇಕಾಯಿತು. ಇನ್ನೇನು ಎರಡು ದಿನ ಇದೆ ಅನ್ನುವಾಗ, ಕ್ರೀಡಾಂಗಣದ ಸುತ್ತ ಬಿಯರ್ ಮಾರಾಟ ಇಲ್ಲ ಅಂದರು. ನಮ್ಮಲ್ಲೂ ಸಸ್ಯಾಹಾರಿ ಮನೆಗೆ ಬಂದ ನೆಂಟರು ಕೋಳಿಸಾರು ಕೇಳುವುದಿಲ್ಲ. ಆದರೆ ಮೊದಲೇ ಹೇಳಬೇಕಿತ್ತು, ಅಲ್ವಾ?

ಮೆಲ್ಬರ್ನ್ ಕಥೆ ಇನ್ನೂ ಮಜವಾಗಿದೆ. 1956ರ ಒಲಿಂಪಿಕ್ಸ್ ಅಲ್ಲಿ. ಹೊರಗಿನ ಕುದುರೆಗಳನ್ನು ಒಳಗೆ ಬಿಟ್ಟುಕೊಳ್ಳಲು ಆಸ್ಟ್ರೇಲಿಯಾದ ಕ್ವಾರಂಟೈನ್ ನಿಯಮ ಒಪ್ಪಲಿಲ್ಲ. ಹಾಗಾಗಿ ಕುದುರೆ ಸವಾರಿಯ ಸ್ಪರ್ಧೆಗಳಷ್ಟೇ ಐದು ತಿಂಗಳು ಮೊದಲೇ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ನಡೆದವು. ಆ ಸವಾರರ ಮಟ್ಟಿಗೆ ಆತಿಥೇಯ ಊರು ಯಾವುದು ಅಂತ ಬರೆಯಲಿ?

ಎರಡನೇ ತೊಡಕು ‘ಬಿಡ್’, ಅಂದರೆ ಕೂಟ ನಮ್ಮೂರಿಗೆ ಕೊಡಿ ಅಂತ ಊರುಗಳು ಮುಂದೆ ಬರೋದು. ಪತ್ರಿಕೆಗಳು ಹಾಗೇ ಬರೆಯುತ್ತವೆ. ನಾನು ‘ಸವಾಲು’ ಹಾಕಿ ನೋಡಿದೆ. ನಮ್ಮೂರಲ್ಲಿ ಹುಣಸೆಮರ ಸವಾಲಿಗೆ ಇಡುತ್ತಿದ್ದರು. ಅರಳಿಕಟ್ಟೆ ಮುಂದೆ ಜನ ಸೇರುತ್ತಿದ್ದರು, ಒಬ್ಬ ಕೂಗಿದ್ದರ ಮೇಲೆ ಇನ್ನೊಬ್ಬ ಕೂಗುತ್ತಿದ್ದ, “ಒಂದು ಸಲ, ಎರಡು ಸಲ, ಮೂರು ಸಲ” ಅಂದರೆ ಮುಗೀತು. ಯಾರು ಎಷ್ಟು ಕೂಗಿದರು ಅನ್ನೋದು ಊರಿಗೇ ಗೊತ್ತು. ಒಲಿಂಪಿಕ್ಸ್‌ನಲ್ಲಿ ನಡೆಯೋದು ಗುಟ್ಟಿನ ಮತ. 2000ನೇ ಇಸವಿಯ ಕೂಟಕ್ಕಾಗಿ 1993ರಲ್ಲಿ ನಡೆದ ಮತದಾನದಲ್ಲಿ ಸಿಡ್ನಿಗೆ 45, ಬೀಜಿಂಗ್‌ಗೆ 43. ಬೀಜಿಂಗ್‌ನ ತಿಯಾನನ್ಮೆನ್ ಚೌಕದಲ್ಲಿ ಪ್ರತಿಭಟನೆಕಾರರ ಮೇಲೆ ಗೋಲಿಬಾರ್ ಆಗಿ ಆಗ ನಾಲ್ಕೇ ವರ್ಷ. ಬೀಜಿಂಗ್ ಕಡಿಮೆ ಕೂಗಿ ಸೋತಿತು ಅಂತ ಯಾರೂ ಹೇಳಲಾರರು. ‘ಸವಾಲು’ ಅಂದುಬಿಟ್ಟರೆ ಈ ರಾಜಕೀಯವೆಲ್ಲ ಮರೆಯಾಗುತ್ತದೆ.

ಈಗಂತೂ ಅದು ಪೈಪೋಟಿಯೂ ಅಲ್ಲ. 2019ರಲ್ಲಿ ನಿಯಮ ಬದಲಾಯಿತು. ಆಸೆಪಟ್ಟ ಊರುಗಳ ಜೊತೆ ಒಲಿಂಪಿಕ್ ಸಮಿತಿಯವರು ಒಳಗೊಳಗೇ ಮಾತಾಡುತ್ತಾರೆ, ಒಂದನ್ನು ಗೊತ್ತುಮಾಡಿಕೊಂಡು ಕೊನೆಗೆ ಮತಕ್ಕೆ ಇಡುತ್ತಾರೆ. 2032ಕ್ಕೆ ಬ್ರಿಸ್ಬೇನ್ ಆಯ್ಕೆಯಾದದ್ದು ಹೀಗೇ, 72 ಪರ, 5 ವಿರುದ್ಧ. ಮಾತುಕತೆ ಎಲ್ಲ ಮುಗಿಸಿ, ಆಮೇಲೆ ನಾಲ್ಕು ಜನರ ಎದುರು ತಾಂಬೂಲ ಬದಲಾಯಿಸಿಕೊಂಡ ಹಾಗೆ. ಭಾರತ 2036ರ ಕೂಟಕ್ಕೆ 2024ರ ಅಕ್ಟೋಬರ್ 1ರಂದು ಕಾಗದ ಕಳಿಸಿತಲ್ಲ, ಅದನ್ನು ‘ಜಾತಕ ಕಳಿಸಿತು’ ಅಂದರೆ ನಗಬೇಡಿ, ಅರ್ಥ ಅಷ್ಟೇ. ಸದ್ಯಕ್ಕೆ ‘ಕೋರಿಕೆ’ ಅಂತ ಹಾಕಿದ್ದೇನೆ. ಜಾಸ್ತಿ ಮೆತ್ತಗಾಯಿತೇನೋ.

‘ಬಹಿಷ್ಕಾರ’ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಪದ. ಹಳ್ಳಿಯಲ್ಲಿ ಬಹಿಷ್ಕಾರ ಹಾಕೋದು ಊರು, ಅನುಭವಿಸೋದು ಒಂದು ಮನೆ. ಬಾವಿಯ ನೀರಿಲ್ಲ, ಅಂಗಡಿಯ ಸಾಮಾನಿಲ್ಲ, ಮಾತಾಡಿದವರಿಗೆ ದಂಡ. ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು ಅಂತ 1980ರಲ್ಲಿ ಅಮೆರಿಕ ಮತ್ತು ಅದರ ಜೊತೆಯವರು ಮಾಸ್ಕೋಗೆ ಹೋಗಲಿಲ್ಲ. ಅದು ‘ನಿಮ್ಮ ಮನೆ ಊಟಕ್ಕೆ ಬರಲ್ಲ’ ಅನ್ನುವ ಮುನಿಸು. (ನಾವು ಹೋದೆವು, ಹಾಕಿ ಚಿನ್ನ ತಂದೆವು, ಕೊಡಗಿನ ಎಂ. ಎಂ. ಸೋಮಯ್ಯ ಆ ತಂಡದಲ್ಲಿದ್ದರು.) 1962ರ ಜಕಾರ್ತ ಏಷ್ಯನ್ ಗೇಮ್ಸ್ ಇದಕ್ಕೆ ಪೂರಾ ಉಲ್ಟಾ. ಇಸ್ರೇಲ್ ಮತ್ತು ತೈವಾನ್ ಆಟಗಾರರಿಗೆ ಇಂಡೋನೇಷ್ಯಾ ವೀಸಾವನ್ನೇ ಕೊಡಲಿಲ್ಲ. ಮನೆಯವನೇ ಬಾಗಿಲು ಹಾಕಿಕೊಂಡ. ನಮ್ಮ ಹಳ್ಳಿಯ ಅರ್ಥಕ್ಕೆ ಹೊಂದೋದು ಇದು. ಪತ್ರಿಕೆಯ ಕನ್ನಡದಲ್ಲಿ ‘ಬಹಿಷ್ಕಾರ’ ಆಗಿರೋದು ಮಾಸ್ಕೋದ ಮುನಿಸು. ಆ ಮುನಿಸಿಗೆ ‘ಗೈರು’ ಅಂದರೆ ಜ್ವರ ಬಂದು ರಜೆ ಹಾಕಿದ ಹಾಗೆ ಕೇಳುತ್ತದೆ. ಬೇರೆ ಪದ ಹೊಳೆದರೆ ಹೇಳಿ.

‘ತಟಸ್ಥ ತಾಣ’ (ಆಡುವ ಎರಡೂ ತಂಡಗಳದ್ದಲ್ಲದ ಮೂರನೆಯವರ ಊರು) ಒಂದರ ಬಗ್ಗೆ ನನ್ನ ತಕರಾರಿಲ್ಲ. ತಟಸ್ಥ ಅಂದರೆ ದಡದಲ್ಲಿ ನಿಂತವನು, ದುಬೈ ನಿಂತಿರೋದೂ ಸಮುದ್ರದ ದಡದಲ್ಲೇ. 2025ರ ಚಾಂಪಿಯನ್ಸ್ ಟ್ರೋಫಿ ನಡೆಸುವ ಹಕ್ಕು ಪಾಕಿಸ್ತಾನದ್ದು, ಭಾರತ ಆಡಿದ್ದು ದುಬೈಯಲ್ಲಿ. ಭಾರತ ಫೈನಲ್ ತಲುಪಿದ್ದರಿಂದ ಫೈನಲ್ ಕೂಡ ಅಲ್ಲಿಗೇ ಹೋಯಿತು. ಅದೇ ವರ್ಷ ಏಷ್ಯಾ ಕಪ್ ಭಾರತದ ಹೆಸರಲ್ಲಿತ್ತು, ಆಡಿಸಿದ್ದು ಯುಎಇಯಲ್ಲಿ. ಮದುವೆ ನಮ್ಮದು, ಛತ್ರ ಬೇರೆಯವರದು. ‘ಆತಿಥೇಯ ಭಾರತ’ ಅಂತ ಬರೆಯಲು ಕೈ ಬರಲಿಲ್ಲ.

ಅದಕ್ಕೇ ಸುಮ್ನೆ ‘ಆಟ ನಡೆಸುವ ಊರು’ ಅಂತ ಬರೆದುಬಿಡೋಣ ಅನ್ನಿಸಿದೆ. ಸಂಪಾದಕರು “ಜಾತ್ರೆ ನಡೆಸುವ ಊರು ಅಂದ ಹಾಗಿದೆ” ಅಂದರು. ನನಗೆ ಅದು ಹೊಗಳಿಕೆ. ಹುಬ್ಬಳ್ಳಿ ಕಡೆಯವರು ‘ಲಿಲಾವು’ (ಹರಾಜು) ಅನ್ನೋದನ್ನು ಸರಕು-ಜಮೀನಿಗೆ ಬಿಟ್ಟು ಬೇರೆ ಯಾವುದಕ್ಕಾದರೂ ಬಳಸುತ್ತೀರಾ? ತುಳುವಿನಲ್ಲಿ ನೆಂಟರಿಗೆ ‘ಬಿನ್ನೆರ್’ ಅನ್ನುತ್ತಾರಲ್ಲ, ಬಿನ್ನೆರನ್ನು ಕರೆದ ಮನೆಯವರಿಗೆ ಏನನ್ನುತ್ತಾರೆ? ಲೇಖನ ಶುಕ್ರವಾರ ಅಚ್ಚಿಗೆ ಹೋಗಬೇಕು, ಗುರುವಾರ ರಾತ್ರಿಯೊಳಗೆ ಬರೆದರೆ ಉಪಕಾರ.