ಆಫೀಸಿನಿಂದ ಸೆನ್ಸಿಟಿವಿಟಿ ಟ್ರೈನಿಂಗ್‌ಗೆ ಕಳಿಸ್ತಿದ್ದಾರೆ, ಹೋಗಿ ಬಂದವರು ಯಾರಾದ್ರೂ ಇದ್ದೀರಾ?

ಗಿರಿಜಾ_ಬೆಂ
ನಮ್ಮ ಕಂಪನಿ ಟೀಮ್ ಲೀಡ್‌ಗಳನ್ನೆಲ್ಲ ಊರಾಚೆಯ ರೆಸಾರ್ಟ್‌ಗೆ ಕಳಿಸುತ್ತಿದೆ. ಪಿಪಿಟಿ ಇಲ್ಲ, ಸಿಲಬಸ್ ಇಲ್ಲ. ಹತ್ತು ಹನ್ನೆರಡು ಜನ ಸುತ್ತ ಕೂತು ಒಬ್ಬರ ಬಗ್ಗೆ ಒಬ್ಬರು ಮನಸ್ಸಿನಲ್ಲಿರೋದನ್ನ ಹೇಳಬೇಕಂತೆ. ಎಚ್‌ಆರ್‌ನವರನ್ನ ಕೇಳಿದರೆ "ಅದು ಹೇಳೋಕಾಗಲ್ಲ ಮೇಡಂ, ಹೋಗಿ ನೋಡಿ" ಅಂತ ನಗುತ್ತಾರೆ. ಹಿಂದಿನ ಬ್ಯಾಚ್‌ಗೆ ಹೋದ ಒಬ್ಬರು ಬದುಕೇ ಬದಲಾಯಿತು ಅನ್ನುತ್ತಾರೆ, ಇನ್ನೊಬ್ಬರು ಬಂದಾಗಿನಿಂದ ಯಾರ ಜೊತೆಗೂ ಊಟಕ್ಕೆ ಕೂರುತ್ತಿಲ್ಲ. ನನ್ನ ಮ್ಯಾನೇಜರ್ ಕೂಡ ಅದೇ ಗುಂಪಿನಲ್ಲಿ ಇರುತ್ತಾರೆ. ನಾನು ಮೊದಲೇ ಮಾತು ಕಮ್ಮಿ. ಇದರಿಂದ ನಿಜವಾಗಿ ಏನಾದ್ರೂ ಆಗುತ್ತಾ, ಇಲ್ಲ ಸುಮ್ನೆ ಅತ್ತು ಬರೋದಾ?

ಮಲ್ನಾಡ್‌ಮಳೆ
ನಾನು ಹೋಗಿದ್ದೆ, ಬೇರೆ ಕಂಪನಿಯಲ್ಲಿದ್ದಾಗ. ಟ್ರೈನರ್ ಬಂದು ಕುರ್ಚಿಯಲ್ಲಿ ಕೂತರು, ಒಬ್ಬರಿಂದ ಒಬ್ಬರು ಕಲಿಯೋಣ ಅಂದರು, ಅಷ್ಟೇ. ಆಮೇಲೆ ತುಟಿ ಬಿಚ್ಚಲಿಲ್ಲ. ಒಬ್ಬರು ಪೆನ್ನಿನ ಕ್ಯಾಪ್ ತೆಗೆಯೋದು, ಹಾಕೋದು, ತೆಗೆಯೋದು, ಹಾಕೋದು. ಕೊನೆಗೆ ಸೇಲ್ಸ್‌ನವರೊಬ್ಬರು ತಡೆಯಲಾರದೆ "ಪರಿಚಯ ಮಾಡ್ಕೊಳ್ಳೋಣ್ವಾ" ಅಂದರು, ತಕ್ಷಣ ಇನ್ನೊಬ್ಬರು "ನಿಮ್ಮನ್ನ ಲೀಡರ್ ಮಾಡಿದ್ದು ಯಾರು ಸಾರ್" ಅಂತ ಕೇಳಿಯೇ ಬಿಟ್ಟರು. ಅಲ್ಲಿಂದ ಶುರು. ಯಾರು ಮುಂದೆ ನುಗ್ಗುತ್ತಾರೆ, ಯಾರು ಮೂಲೆ ಸೇರುತ್ತಾರೆ, ಅದನ್ನ ಅಲ್ಲೇ ಆಗಲೇ ಹಿಡಿದು ಮಾತಾಡೋದೇ ಇದರ ಪಾಠ. ನನಗೆ ಉಪಯೋಗ ಆಯಿತು ಅಂತಲೇ ಹೇಳುತ್ತೇನೆ. ಆಫೀಸಿಗಂತೂ ಏನೂ ಆಗಲಿಲ್ಲ. ಸ್ವಲ್ಪ ದಿನ ಎಲ್ಲರೂ ಸಾಧುಗಳು, ಕ್ವಾರ್ಟರ್ ಎಂಡ್ ಬಂತು ನೋಡಿ, ಮತ್ತೆ ಅದೇ ಹಳೇ ರಾಗ.

ಶಾಂತಲಾ ಎಂ
ಕ್ವಾರ್ಟರ್ ಎಂಡ್ ಮಾತು ಸರಿಯಾಗಿದೆ. 1968ರಲ್ಲೇ ಕ್ಯಾಂಪ್‌ಬೆಲ್ ಮತ್ತು ಡನೆಟ್ ಅನ್ನೋ ಮನಶ್ಶಾಸ್ತ್ರಜ್ಞರು ಅಲ್ಲಿವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ ಹೆಚ್ಚುಕಮ್ಮಿ ಇದನ್ನೇ ಬರೆದರು. ನಡವಳಿಕೆ ಬದಲಾಗೋದು ಕಾಣುತ್ತೆ, ಆದರೆ ಅದರಿಂದ ಕೆಲಸ ಸುಧಾರಿಸುತ್ತೆ ಅನ್ನೋಕೆ ಆಧಾರ ಸಾಲದು ಅಂತ.

ಇದು ಹುಟ್ಟಿದ್ದೇ ತಮಾಷೆಯಾಗಿ. 1946ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಜನಾಂಗದ್ವೇಷ ಕಮ್ಮಿ ಮಾಡೋಕೆ ಕುರ್ಟ್ ಲೆವಿನ್ ಅನ್ನೋ ಮನಶ್ಶಾಸ್ತ್ರಜ್ಞರು ಒಂದು ಕಾರ್ಯಾಗಾರ ನಡೆಸಿದರು. ಹಗಲು ಯಾರು ಹೇಗೆ ನಡೆದುಕೊಂಡರು ಅಂತ ಸಂಶೋಧಕರು ಸಂಜೆ ಕೂತು ಮಾತಾಡುತ್ತಿದ್ದರು. ಶಿಬಿರಕ್ಕೆ ಬಂದವರಲ್ಲಿ ಕೆಲವರು ನಾವೂ ಕೇಳ್ತೀವಿ ಅಂತ ಬಂದು ಕೂತರು, ಕೂತವರು ಸುಮ್ನಿರದೆ ವಾದಕ್ಕಿಳಿದರು. ಹಗಲಿನ ಕ್ಲಾಸಿಗಿಂತ ಈ ಸಂಜೆ ವಾದದಲ್ಲೇ ಜನ ಜಾಸ್ತಿ ಕಲಿಯುತ್ತಿದ್ದಾರೆ ಅಂತ ಆಗ ಹೊಳೆಯಿತು. ಮುಂದಿನ ವರ್ಷದ ಆರಂಭದಲ್ಲೇ ಲೆವಿನ್ ತೀರಿಕೊಂಡರು. ಜೊತೆಗಾರರು 1947ರ ಬೇಸಿಗೆಯಲ್ಲಿ ಮೇಯ್ನ್ ರಾಜ್ಯದ ಬೆಥೆಲ್‌ನಲ್ಲಿ ಇದನ್ನೇ ಶಿಬಿರ ಮಾಡಿದರು. ಟಿ-ಗ್ರೂಪ್, ಅಂದರೆ ಟ್ರೈನಿಂಗ್ ಗ್ರೂಪ್, ಬಂದದ್ದು ಹೀಗೆ. ಅರವತ್ತರ ದಶಕದಲ್ಲಿ ಇದು ಕ್ಯಾಲಿಫೋರ್ನಿಯಾದಲ್ಲಿ ಎನ್‌ಕೌಂಟರ್ ಗ್ರೂಪ್ (ಮುಖಾಮುಖಿ ಕೂತು ಮನಸ್ಸು ಬಿಚ್ಚೋ ಗುಂಪು) ಆಗಿ ಹಬ್ಬಿತು, ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರದ್ದು ಮೆತ್ತಗಿನ ದಾರಿ, ಅಲ್ಲಿನ ಎಸಲೆನ್ ಅನ್ನೋ ಶಿಬಿರ ಕೇಂದ್ರದ ಕಡೆಯವರದ್ದು ಕೂಗು, ಅಳು, ಅಪ್ಪುಗೆ.

ಗಿರಿಜಾ ಅವರೇ, ನಿಮಗೆ ಬೇಕಾದ ಉತ್ತರ ಸ್ಟ್ಯಾನ್‌ಫರ್ಡ್‌ನ ಅಧ್ಯಯನದಲ್ಲಿದೆ. ಲೀಬರ್‌ಮನ್, ಯಾಲಮ್, ಮೈಲ್ಸ್ ಮೂವರೂ ವಿದ್ಯಾರ್ಥಿಗಳನ್ನ ಬೇರೆ ಬೇರೆ ಶೈಲಿಯ ಗುಂಪುಗಳಲ್ಲಿ ಕೂರಿಸಿ, ಆರೆಂಟು ತಿಂಗಳು ಬಿಟ್ಟು ಮತ್ತೆ ವಿಚಾರಿಸಿದರು, 1973ರಲ್ಲಿ ಪುಸ್ತಕ ಬಂತು. ಸುಮಾರು ಮೂರನೇ ಒಂದು ಭಾಗ ಜನಕ್ಕೆ ಒಳ್ಳೇದಾಗಿತ್ತು. 206 ಜನರಲ್ಲಿ 16 ಮಂದಿಯ ಮನಸ್ಸಿಗೆ ಬೇಗ ಮಾಯದಂಥ ಪೆಟ್ಟಾಗಿತ್ತು, ಅಂದರೆ ನೂರಕ್ಕೆ ಸುಮಾರು ಎಂಟು. ಜಾಸ್ತಿ ಪೆಟ್ಟು ಬಿದ್ದದ್ದು ಮೈಮೇಲೆ ಬಿದ್ದು ಕೆಣಕಿ, ಈಗಲೇ ಬಾಯಿಬಿಡು ಅಂತ ಒತ್ತಾಯಿಸುವ ಲೀಡರ್‌ಗಳ ಗುಂಪಿನಲ್ಲಿ, ಅವರೇನು ಹೊಸಬರಲ್ಲ, ಅನುಭವಸ್ಥರೇ. ಲೀಡರ್ ಇಲ್ಲದೆ, ಸೂಚನೆಗಳನ್ನ ರೆಕಾರ್ಡ್ ಮಾಡಿದ ಟೇಪ್ ಹಾಕಿಕೊಂಡು ನಡೆದ ಗುಂಪುಗಳು ಚೆನ್ನಾಗಿಯೇ ನಡೆದವು! ಯಾರಿಗೆ ಪೆಟ್ಟಾಗಿದೆ ಅನ್ನೋದು ಲೀಡರ್‌ಗಿಂತ ಪಕ್ಕದಲ್ಲಿ ಕೂತವರಿಗೇ ಚೆನ್ನಾಗಿ ಗೊತ್ತಿತ್ತು ಅನ್ನೋದನ್ನ ನಿಮ್ಮ ಎಚ್‌ಆರ್‌ಗೆ ಓದಿ ಹೇಳಬೇಕು.

ವೃತ್ತದೊಳಗೆ
ನಾನು ಇದೇ ಕೆಲಸದಲ್ಲಿ ಇರೋನು, ಹಾಗಾಗಿ ಪಕ್ಷಪಾತ ಅಂದುಕೊಂಡರೂ ಪರವಾಗಿಲ್ಲ. ಶಾಂತಲಾ ಮೇಡಂ ಹೇಳಿದ್ದು ಕಾಲೇಜು ಹುಡುಗರ ಮೇಲೆ, ಆ ಕಾಲದ ಕ್ಯಾಲಿಫೋರ್ನಿಯಾದಲ್ಲಿ ಮಾಡಿದ ಅಧ್ಯಯನ. ಅದನ್ನ ಇವತ್ತಿನ ಬೆಂಗಳೂರಿಗೆ ಹಾಗೇ ತಂದು ಅಂಟಿಸೋಕಾಗಲ್ಲ. ನಮ್ಮಲ್ಲೂ 1972ರಲ್ಲೇ ಇಂಥ ಗುಂಪುಗಳನ್ನ ನಡೆಸೋ ಇಂಡಿಯನ್ ಸೊಸೈಟಿ ಫಾರ್ ಅಪ್ಲೈಡ್ ಬಿಹೇವಿಯರಲ್ ಸೈನ್ಸ್ ಅನ್ನೋ ಸಂಸ್ಥೆ ಶುರುವಾಯಿತು, ಟ್ರೈನರ್ ಆಗೋಕೆ ಅಲ್ಲಿ ವರ್ಷಗಟ್ಟಲೆ ಕಲಿಯಬೇಕು. ವೀಕೆಂಡ್ ಕೋರ್ಸ್ ಮಾಡಿಕೊಂಡು ಫೆಸಿಲಿಟೇಟರ್ ಅಂತ ಕಾರ್ಡ್ ಹಂಚೋರ ಕಥೆ ಬೇರೆ.

ಆದರೆ ಮ್ಯಾನೇಜರ್ ವಿಷಯ ನನಗೂ ಸರಿ ಕಾಣಲ್ಲ. ಮುಖಪರಿಚಯ ಇಲ್ಲದವರನ್ನ ಊರಿಂದ ದೂರ ಸೇರಿಸೋದಕ್ಕೆ ಕಾರಣ ಇದೆ. ಅಪ್ರೈಸಲ್ ಬರೆಯೋರು ಎದುರಿಗೇ ಕೂತಿದ್ದರೆ ಮನಸ್ಸು ಬಿಚ್ಚೋದು ಹೇಗೆ? ಬಿಚ್ಚಿದರೂ ಕಷ್ಟ, ಬಿಚ್ಚದಿದ್ದರೆ "ಓಪನ್ ಇಲ್ಲ" ಅಂತ ಹೆಸರು. ಟ್ರೈನರ್ ಯಾರು, ಎಲ್ಲಿ ಕಲಿತವರು, ಮಧ್ಯದಲ್ಲಿ ಎದ್ದು ಹೋಗಬಹುದಾ, ಆಮೇಲೆ ಕಂಪನಿಗೆ ಏನಾದರೂ ವರದಿ ಹೋಗುತ್ತಾ, ಇಷ್ಟನ್ನ ಮೇಲ್‌ನಲ್ಲೇ ಕೇಳಿ. ಮಾತು ಕಮ್ಮಿ ಅಂತ ಹೆದರಬೇಡಿ. ಕೂತು ಕೇಳೋರೂ ಕಲಿಯುತ್ತಾರೆ, ಅವರನ್ನ ಹಿಂಡೋ ಟ್ರೈನರ್‌ಗೆ ಕೆಲಸ ಬರಲ್ಲ ಅಂತಲೇ ಅರ್ಥ.

ಮಲ್ನಾಡ್‌ಮಳೆ
ಊಟಕ್ಕೆ ಕೂರದ ಆ ಇನ್ನೊಬ್ಬರನ್ನ ಯಾರಾದ್ರೂ ಮಾತಾಡಿಸಿದ್ರಾ? ಎಚ್‌ಆರ್ ಬಿಡಿ, ನೀವೇ ಒಂದು ಕಾಫಿಗೆ ಕರೀರಿ. ಅಲ್ಲಿ ಏನಾಯಿತು ಅಂತ ಕೆದಕಬೇಡಿ.

ಗಿರಿಜಾ_ಬೆಂ
ಎಲ್ಲರಿಗೂ ಥ್ಯಾಂಕ್ಸ್. ಮೇಲ್ ಹಾಕಿದೆ. ಮ್ಯಾನೇಜರನ್ನ ಬೇರೆ ಗುಂಪಿಗೆ ಹಾಕುತ್ತಾರಂತೆ, ಟ್ರೈನರ್ ಹೆಸರು ಮಾತ್ರ ಇನ್ನೂ ಕೊಟ್ಟಿಲ್ಲ. ಕೊಡೋವರೆಗೂ ಫಾರ್ಮ್‌ಗೆ ಸಹಿ ಹಾಕಲ್ಲ. ಕಾಫಿಗೆ ಕರೆದಿದ್ದೇನೆ, ನಾಳೆ ಬರ್ತೀನಿ ಅಂದಿದ್ದಾರೆ.