ಅಪ್‌ಡೇಟ್: ನಾಯಿಗೆ ಹೆದರುವ ಅತ್ತೆ, ಮನೆಗೆ ಬಂದ ಲ್ಯಾಬ್ರಡಾರ್

ಚಿಕ್ಕಂದಿನಲ್ಲಿ ಬೀದಿನಾಯಿಯಿಂದ ಕಚ್ಚಿಸಿಕೊಂಡ ನಮ್ಮತ್ತೆಗೆ ನಾಯಿ ಅಂದ್ರೆ ಜೀವ ಬಾಯಿಗೆ ಬರುತ್ತೆ, ಹೀಗಿರುವಾಗ ದೊಡ್ಡ ತಳಿಯ ನಾಯಿ ತರಬಹುದಾ ಅಂತ ಕೇಳಿದ್ದೆ. ತಂದೆವು. 4 ವರ್ಷದ ಹೆಣ್ಣು ಲ್ಯಾಬ್ರಡಾರ್, ವಿದೇಶಕ್ಕೆ ಹೊರಟ ಪರಿಚಯದವರದು.

ನಮ್ಮೆಜಮಾನ್ರಿಗೆ ಮುಧೋಳ ತಳಿಯ ನಾಯಿಯೇ ಬೇಕಿತ್ತು. ಮುಧೋಳ ಇರೋ ಬಾಗಲಕೋಟೆ ಕಡೆಯವರು, ಅಭಿಮಾನ ಬೇರೆ! ಆದರೆ ಅದು ಬೇಟೆಯ ತಳಿ, ಓಡುವುದನ್ನು ಕಂಡರೆ ಅಟ್ಟಿಸಿಕೊಂಡು ಹೋಗುತ್ತೆ. ನಮ್ಮತ್ತೆಯೋ, ನಾಯಿ ಕಂಡರೆ ಮೊದಲು ಮಾಡೋದೇ ಓಡೋದು. ಮರಿ ಬೇಡ ಅಂದಿದ್ದು ನಾನು: ಹಲ್ಲು ಬರುವ ವಯಸ್ಸಲ್ಲಿ ಸೆರಗು, ಕಾಲು ಎಲ್ಲ ಕಚ್ಚುತ್ತೆ, ಮೈಮೇಲೆ ಹಾರುತ್ತೆ. ಬೆಳೆದ ನಾಯಿಯಾದರೆ ಸ್ವಭಾವ ನೋಡಿಯೇ ತರಬಹುದು.

ಅಡುಗೆಮನೆ, ದೇವರಮನೆಗೆ ಚಿಕ್ಕ ಗೇಟ್ ಹಾಕಿಸಿದೆವು. ಅತ್ತೆ ಹಾಲ್‌ಗೆ ಬಂದರೆ ನಾಯಿಗೆ ಚೈನು. "ಮುಟ್ಟಿ, ಏನೂ ಮಾಡಲ್ಲ" ಅಂತ ಯಾರೂ ಅವರನ್ನು ಒತ್ತಾಯಿಸಕೂಡದು. ಎಲ್ಲಕ್ಕಿಂತ ಕೆಲಸ ಮಾಡಿದ್ದು ಈ ಕಾನೂನೇ. ರೇಬಿಸ್ ಲಸಿಕೆಯ ಕಾರ್ಡನ್ನು ತಾವೇ ಇಸ್ಕೊಂಡು, ಕನ್ನಡಕ ಹಾಕಿ ಓದಿದರು.

ಈಗ ಗೇಟಿನಾಚೆಯಿಂದ ಚಪಾತಿ ಚೂರು ಎಸೆಯುತ್ತಾರೆ. ಮುಟ್ಟಲ್ಲ. ಮುಟ್ಟಲಿ ಅಂತ ನಾವೂ ಕಾಯ್ತಿಲ್ಲ. ಸದ್ಯದ ತಲೆನೋವು ಮನೆ ತುಂಬ ಉದುರೋ ಕೂದಲು. ದಿನಾ ಬಾಚಿದರೂ ಮುಗಿಯಲ್ಲ. ಅದಕ್ಕೇನಾದರೂ ಉಪಾಯ ಇದ್ದರೆ ಹೇಳಿ.