ಸೈಕಲ್ ಹಿಂದೆ ಬೀಳುವ ತೋಟದ ನಾಯಿಗಳು: ನಿಲ್ಲಬೇಕಾ, ತುಳಿದು ಪಾರಾಗಬೇಕಾ?

ಮೂರ್ನಾಡು ಸವಾರ:
ಕೊಡಗಿನಲ್ಲಿ ಸೈಕಲ್ ಹೊಡೆಯುವವರಿಗೆ ಒಂದು ಪ್ರಶ್ನೆ. ನಾನು ಬೆಳಿಗ್ಗೆ ಹೊತ್ತು ಮಡಿಕೇರಿ, ಮೂರ್ನಾಡು, ವಿರಾಜಪೇಟೆ ಕಡೆ ಹೋಗುತ್ತೇನೆ. ದೊಡ್ಡ ರಸ್ತೆಯಲ್ಲಿ ತೊಂದರೆ ಇಲ್ಲ. ತೋಟದ ಒಳದಾರಿಗೆ ತಿರುಗಿದ ಕೂಡಲೇ ಶುರು. ಕೆಲಸದವರು ಇರುವ ಲೈನ್ ಮನೆಗಳ ಹತ್ತಿರ, ಬಂಗಲೆ ಗೇಟಿನ ಹತ್ತಿರ ನಾಯಿಗಳು ನುಗ್ಗಿ ಬರುತ್ತವೆ. ಬರೀ ಬೊಗಳುವುದಲ್ಲ, ಪೆಡಲ್ ಮೇಲಿನ ಕಾಲಿಗೇ ಬಾಯಿ ಹಾಕಲು ನೋಡುತ್ತವೆ. ನಮ್ಮ ಗುಂಪಿನಲ್ಲಿ ಕೆಲವರು ಜೋರಾಗಿ ತುಳಿದು ಪಾರಾಗಬೇಕು ಅನ್ನುತ್ತಾರೆ, ಕೆಲವರು ಇಳಿದು ನಿಲ್ಲಬೇಕು ಅನ್ನುತ್ತಾರೆ. ಒಬ್ಬರು ಪೆಪ್ಪರ್ ಸ್ಪ್ರೇ ಇಟ್ಟುಕೊಂಡಿದ್ದಾರೆ. ನನಗೂ ಪೆಟ್ಟಾಗಬಾರದು, ನಾಯಿಗೂ ಆಗಬಾರದು. ದಿನಾ ಓಡಾಡುವವರು ಏನು ಮಾಡುತ್ತೀರಿ?

ಗೋಣಿಕೊಪ್ಪದ ಗೇರ್:
ತುಳಿಯಿರಿ. ನಾಯಿಗೆ ತನ್ನ ಜಾಗ ಕಾಯುವುದಷ್ಟೇ ಮುಖ್ಯ. ಬೇಲಿ ಮುಗಿದ ಮೇಲೆ ತಾನೇ ನಿಲ್ಲುತ್ತದೆ. ನಾನು ದೂರದಿಂದಲೇ ಗೇಟ್ ನೋಡಿಕೊಳ್ಳುತ್ತೇನೆ, ರಸ್ತೆಯ ಆಚೆ ಬದಿಗೆ ಸರಿಯುತ್ತೇನೆ, ವೇಗ ಹೆಚ್ಚಿಸುತ್ತೇನೆ. ನಿಂತರೆ ಸುತ್ತುವರಿಯುತ್ತವೆ. ಒಂದು ಇದ್ದದ್ದು ನಾಲ್ಕಾಗುತ್ತದೆ.

ಕುಶಾಲನಗರ ಟೀಚರ್:
ಗೇರ್ ಅಣ್ಣ, ಇಳಿಜಾರಿಗೆ ನಿಮ್ಮ ಮಾತು ಸರಿ. ಏರಿನಲ್ಲಿ ಏನು ಮಾಡುವುದು? ನಮ್ಮ ಕುಶಾಲನಗರ ಬಿಟ್ಟರೆ ಕೊಡಗಿನಲ್ಲಿ ಸಮತಟ್ಟು ರಸ್ತೆ ಎಷ್ಟಿದೆ ಹೇಳಿ. ಏರಿನಲ್ಲಿ ಸೈಕಲ್ ಗಂಟೆಗೆ 8 ಅಥವಾ 10 ಕಿಲೋಮೀಟರ್ ಹೋದರೆ ಜಾಸ್ತಿ. ನಾಯಿ ಸ್ವಲ್ಪ ದೂರದ ಮಟ್ಟಿಗೆ 30ಕ್ಕೂ ಮೀರಿ ಓಡುತ್ತದೆ. ಅದರ ಜೊತೆ ಪಂದ್ಯ ಕಟ್ಟುವ ಹಾಗೇ ಇಲ್ಲ.

ಇನ್ನೊಂದು ವಿಷಯ. ನನಗೆ ಕಚ್ಚುವುದಕ್ಕಿಂತ ಬೀಳುವುದರ ಭಯ ಜಾಸ್ತಿ. ಪಕ್ಕದಲ್ಲಿ ಓಡುತ್ತಿದ್ದ ನಾಯಿ ಥಟ್ಟನೆ ಮುಂದಿನ ಚಕ್ರಕ್ಕೆ ಅಡ್ಡ ಬರುತ್ತದೆ. ನಾವು ಅದನ್ನೇ ನೋಡುತ್ತಿರುತ್ತೇವೆ, ಹ್ಯಾಂಡಲ್ ಕೂಡ ಅದೇ ಕಡೆಗೆ ಎಳೆಯುತ್ತದೆ. ಮಳೆಗಾಲದಲ್ಲಿ ರಸ್ತೆ ಅಂಚಿನಲ್ಲಿ ಪಾಚಿ. ಡಾಂಬರು ಮುಗಿದ ಕಡೆ ಮಣ್ಣು ಕೊಚ್ಚಿ ಹೋಗಿ ತಗ್ಗು. ತಿರುವಿನಲ್ಲಿ ಎದುರಿನಿಂದ ಪ್ರವಾಸಿಗರ ಕಾರು. ಇಂಥ ಕಡೆ ಕೆಲವರು ಓಡುವ ಸೈಕಲ್ ಮೇಲಿಂದಲೇ ನಾಯಿಗೆ ಒದೆಯಲು ಕಾಲೆತ್ತುತ್ತಾರೆ. ದಯವಿಟ್ಟು ಬೇಡ. ಇಳಿದು ನಿಲ್ಲಿ.

ದನದ ಡಾಕ್ಟರ್:
ಸೋಮವಾರಪೇಟೆ ಕಡೆಯ ಪಶುವೈದ್ಯ ನಾನು. ಟೀಚರ್ ಹೇಳಿದ್ದೇ ಸರಿ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾಯಿ ಸೈಕಲ್ ಹಿಂದೆ ಬೀಳುವಾಗ ಅದರೊಳಗೆ ಎರಡು ಗುಣ ಒಟ್ಟಿಗೆ ಎದ್ದಿರುತ್ತವೆ. ತನ್ನ ಜಾಗಕ್ಕೆ ಯಾರೋ ಬಂದರು ಅನ್ನುವುದು ಒಂದು. ಓಡುವುದನ್ನು ಅಟ್ಟಿಸಿಕೊಂಡು ಹೋಗುವ ಹುಟ್ಟುಗುಣ ಇನ್ನೊಂದು. ನೀವು ಜೋರಾಗಿ ತುಳಿದಷ್ಟೂ ಎರಡನೆಯದು ಕೆರಳುತ್ತದೆ. ನೀವು ದಾಟಿ ಹೋದಾಗ ನಾಯಿಯ ಲೆಕ್ಕದಲ್ಲಿ ಅದೇ ನಿಮ್ಮನ್ನು ಓಡಿಸಿದ ಹಾಗೆ. ನಾಳೆ ಇನ್ನೂ ಧೈರ್ಯವಾಗಿ ಬರುತ್ತದೆ. ಗೇರ್ ಅವರು ಪಾರಾಗುತ್ತಿದ್ದಾರೆ, ನಿಜ. ಆದರೆ ಅವರ ಹಿಂದೆ ನಿಧಾನವಾಗಿ ಬರುವ ಶಾಲೆ ಮಗುವಿನ ಗತಿ ಏನು?

ಆದ್ದರಿಂದ ನಾಯಿ ಬರುವುದು ಕಂಡ ತಕ್ಷಣ ಹಿಂದೆ ಮುಂದೆ ಗಾಡಿ ನೋಡಿಕೊಂಡು ನಿಧಾನ ಮಾಡಿ. ನಾಯಿ ಇರುವ ಬದಿ ಬಿಟ್ಟು ಆಚೆ ಬದಿಗೆ ಇಳಿಯಿರಿ. ಸೈಕಲ್ ನಿಮ್ಮಿಬ್ಬರ ನಡುವೆ ಇರಲಿ. ಅದರ ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ, ಬೆನ್ನೂ ತಿರುಗಿಸಬೇಡಿ. 'ಹಚಾ' ಅಂತಲೋ 'ಹೋಗು ಮನೆಗೆ' ಅಂತಲೋ ಗಟ್ಟಿಯಾಗಿ, ಗದರುವ ದನಿಯಲ್ಲಿ ಹೇಳಿ. ಕಿರುಚಬೇಡಿ. ಹೆಚ್ಚಿನ ನಾಯಿಗಳಿಗೆ ಇಷ್ಟರಲ್ಲೇ ಉತ್ಸಾಹ ಇಳಿದುಹೋಗುತ್ತದೆ. ಆಮೇಲೆ ಸೈಕಲ್ ತಳ್ಳಿಕೊಂಡು ನಡೆಯಿರಿ. ಅದು ತಿರುಗಿ ಹೋಗುವವರೆಗೆ ಮತ್ತೆ ಹತ್ತಬೇಡಿ. ಅವಸರಪಟ್ಟು ಹತ್ತಿದರೆ ಆಟ ಮೊದಲಿಂದ ಶುರುವಾಗುತ್ತದೆ.

ಜೋರಾಗಿ ಬೊಗಳುವ ನಾಯಿಗಿಂತ ಸದ್ದಿಲ್ಲದೆ ತಲೆ ತಗ್ಗಿಸಿ, ಮೈ ಸೆಟೆದು ಬರುವ ನಾಯಿಯ ಬಗ್ಗೆ ಹುಷಾರಾಗಿರಿ. ಕಾಲವನ್ನೂ ಗಮನಿಸಿ. ಮಳೆ ಇಳಿಯುವ ಹೊತ್ತಿಗೆ, ಭಾದ್ರಪದದ ಸುಮಾರಿಗೆ ನಾಯಿಗಳು ಗುಂಪು ಕಟ್ಟುತ್ತವೆ. ಬಸಿರು ಎರಡು ತಿಂಗಳು. ಕಾಫಿ ಕೊಯ್ಲು ಶುರುವಾಗುವಾಗ ಲೈನ್ ಮನೆ ಹಿಂದೆ, ಕಣದ ಶೆಡ್ಡಿನಲ್ಲಿ ಮರಿ ಹಾಕಿದ ತಾಯಿ ಇರುತ್ತದೆ. ವರ್ಷವಿಡೀ ಸುಮ್ನೆ ಮಲಗಿದ್ದ ನಾಯಿ ಆಗ ಮೈಮೇಲೆ ಬರುತ್ತದೆ. ಅಂಥ ಕಡೆ ಕೆಲವು ವಾರ ದಾರಿ ಬದಲಿಸಿ.

ಸುಂಟಿಕೊಪ್ಪ ಪೇಪರ್:
ಮನೆ ಮನೆಗೆ ಪೇಪರ್ ಹಾಕುವವನು ನಾನು. ಬಗ್ಗಿ ಕಲ್ಲು ಎತ್ತಿಕೊಳ್ಳುವ ಹಾಗೆ ಮಾಡಿದರೆ ಸಾಕು, ಅರ್ಧ ನಾಯಿಗಳು ಓಡುತ್ತವೆ. ಎಸೆಯುವುದೇ ಬೇಡ. ಇಲ್ಲದಿದ್ದರೆ ಬಿಸ್ಕತ್ತು. ನನ್ನ ದಾರಿಯ ನಾಯಿಗಳಿಗೆಲ್ಲ ನನ್ನ ಬೆಲ್ ಸದ್ದು ಗೊತ್ತು.

ದನದ ಡಾಕ್ಟರ್:
ಪೇಪರ್ ಅಣ್ಣ, ಬಗ್ಗುವ ಉಪಾಯ ಪೇಟೆ ನಾಯಿಗೆ ನಡೆಯುತ್ತದೆ. ಅದು ಕಲ್ಲೇಟು ತಿಂದಿರುತ್ತದೆ. ತೋಟದೊಳಗೆ ಸಾಕಿದ ಅಲ್ಸೇಷಿಯನ್, ರಾಟ್‌ವೀಲರ್ ಜಾತಿಗೆ ಕಲ್ಲು ಅಂದರೇನು ಅಂತಲೇ ಗೊತ್ತಿಲ್ಲ. ಅದರ ಮುಂದೆ ಬಗ್ಗಿದರೆ ನಿಮ್ಮ ಮುಖ ಅದರ ಬಾಯಿ ಮಟ್ಟಕ್ಕೆ ಬರುತ್ತದೆ. ಬಿಸ್ಕತ್ತಿನ ವಿಷಯದಲ್ಲೂ ನನ್ನದೊಂದು ತಕರಾರು ಉಂಟು. ಅಟ್ಟಿಸಿಕೊಂಡು ಬಂದಾಗ ಎಸೆದರೆ, ಸೈಕಲ್ ಅಟ್ಟಿದರೆ ತಿಂಡಿ ಸಿಗುತ್ತದೆ ಅಂತ ನೀವೇ ಕಲಿಸಿದ ಹಾಗಾಗುತ್ತದೆ.

ಸುಂಟಿಕೊಪ್ಪ ಪೇಪರ್:
ಓಡುವಾಗ ಎಸೆಯುವುದಿಲ್ಲ ಡಾಕ್ಟ್ರೇ. ಇಳಿದು ನಿಂತು, ಮನೆಯವರು ಎದುರಿಗಿದ್ದಾಗ, ನಾಯಿ ಸುಮ್ಮನಾದ ಮೇಲೆ ಕೊಡುತ್ತೇನೆ. ಹಾಗೆ ಪರಿಚಯ ಆಗಿದ್ದು. ದಿನಾ ಒಂದೇ ದಾರಿಯಲ್ಲಿ ಹೋಗುವವರು ಹೀಗೆ ಮಾಡಬಹುದು. ಒಂದು ದಿನ ಬಂದು ಹೋಗುವವರಿಗೆ ಇದು ಆಗುವುದಿಲ್ಲ, ಒಪ್ಪುತ್ತೇನೆ.

ಗೋಣಿಕೊಪ್ಪದ ಗೇರ್:
ಪೆಪ್ಪರ್ ಸ್ಪ್ರೇ ಬಗ್ಗೆ ಯಾರೂ ಹೇಳಲಿಲ್ಲ. ಓಡುವ ಸೈಕಲ್ ಮೇಲಿಂದ ಹೊಡೆದರೆ ಗಾಳಿಗೆ ನಮ್ಮ ಕಣ್ಣಿಗೇ ಬರುತ್ತದೆ, ಬೇಡ ಅನ್ನುವುದು ನನ್ನ ಮಾತು. ಬಾಟಲಿ ನೀರನ್ನು ಮುಖಕ್ಕೆ ಚಿಮ್ಮಿಸಿದರೆ ನಾಯಿ ಒಂದು ಗಳಿಗೆ ಗಲಿಬಿಲಿ ಆಗುತ್ತದೆ. ಅಷ್ಟು ಸಾಕು. ಏರಿನಲ್ಲಿ ನಿಲ್ಲಬೇಕು ಅನ್ನುವುದನ್ನು ಒಪ್ಪುತ್ತೇನೆ. ಇಳಿಜಾರಿನಲ್ಲಿ ಮಾತ್ರ ನಾನು ನಿಲ್ಲುವವನಲ್ಲ. ಅಲ್ಲಿ ದಿಢೀರ್ ಬ್ರೇಕ್ ಹಿಡಿಯುವುದೇ ಹೆಚ್ಚು ಅಪಾಯ.

ಕಣದ ಮನೆ:
ಪಾಲಿಬೆಟ್ಟದ ಹತ್ತಿರ ನಮ್ಮದು ತೋಟ. ನಾಯಿ ಸಾಕಿದವರ ಕಡೆಯಿಂದಲೂ ಒಂದು ಮಾತು ಕೇಳಿ.

ಕೊಯ್ಲಿನ ಕಾಲದಲ್ಲಿ ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ. ಕರಿಮೆಣಸೂ ಅಲ್ಲೇ. ಒಂದೊಂದು ಚೀಲಕ್ಕೂ ಈಗ ಎಷ್ಟು ಬೆಲೆ ಅಂತ ನಿಮಗೆ ಗೊತ್ತು. ಕಳ್ಳತನ ಆಗುತ್ತದೆ. ಹಂದಿ, ಮಂಗ ಬೇರೆ. ನಾಯಿ ಇಲ್ಲದೆ ಒಂಟಿ ಮನೆಯಲ್ಲಿ ರಾತ್ರಿ ಇರುವುದು ಕಷ್ಟ. ಚಿರತೆ ನಾಯಿಯನ್ನೇ ಹೊತ್ತುಕೊಂಡು ಹೋಗುತ್ತದೆ, ಹಾಗಾಗಿ ರಾತ್ರಿ ಹೊರಗೆ ಕಟ್ಟಿ ಹಾಕುವ ಹಾಗೂ ಇಲ್ಲ. ಸಂಜೆ ಬಿಡುತ್ತೇವೆ, ಬೆಳಿಗ್ಗೆ ಕೆಲಸದವರ ಜೀಪ್ ಬರುವ ಮೊದಲು ಕಟ್ಟುತ್ತೇವೆ. ನೀವು ಬರುವುದು ಅದಕ್ಕೂ ಮೊದಲು. ಇಡೀ ದಿನ ಸರಪಳಿಯಲ್ಲೇ ಇಟ್ಟರೆ ನಾಯಿಯ ಸಿಟ್ಟು ಹೆಚ್ಚುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ, ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದೆ ಇರುವುದೂ ತಪ್ಪೇ.

ಕೋಲಿನಿಂದ ಹೊಡೆಯಬೇಡಿ. ಪೆಟ್ಟು ತಿಂದ ನಾಯಿ ಆಮೇಲೆ ಬರುವ ಪ್ರತಿ ಸೈಕಲ್ ಮೇಲೂ ಹಗೆ ಸಾಧಿಸುತ್ತದೆ.

ವಿರಾಜಪೇಟೆಯವ:
ಕಣದ ಮನೆ ಅವರೇ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಕಾಫಿ ನಿಮ್ಮದು, ಕಣ ನಿಮ್ಮದು, ರಸ್ತೆ ಊರಿನದು. ಬೆಳಿಗ್ಗೆ ಹಾಲು ಹಾಕುವವರು, ಪೇಪರ್ ಹಾಕುವವರು, ಮೊದಲ ಬಸ್ ಹಿಡಿಯಲು ನಡೆದು ಬರುವ ಕೆಲಸದ ಹೆಂಗಸರು ಇವರೆಲ್ಲ ಶೋಕಿಗೆ ಬರುವವರಲ್ಲ. ಅವರಿಗೆ ಬೇರೆ ದಾರಿಯೂ ಇಲ್ಲ, ಬೇರೆ ಸಮಯವೂ ಇಲ್ಲ. ಸವಾರ ಹೇಗೆ ನಿಲ್ಲಬೇಕು, ಹೇಗೆ ಮಾತಾಡಬೇಕು ಅಂತ ಇಷ್ಟು ಹೊತ್ತು ಚರ್ಚೆ ಆಯಿತು. ಗೇಟ್ ಮುಚ್ಚಿಡುವುದು ಯಾರ ಕೆಲಸ?

ಕಾನೂನು ಸ್ಪಷ್ಟವಾಗಿದೆ. ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ, ಸಾಕುಪ್ರಾಣಿಯಿಂದ ಜನರ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗಬಹುದು ಅನ್ನುವಾಗ ಮಾಲೀಕ ಎಚ್ಚರ ವಹಿಸದಿದ್ದರೆ 6 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಕಣದ ಮನೆ:
ರಸ್ತೆ ಊರಿನದೇ, ಇಲ್ಲ ಅನ್ನುವುದಿಲ್ಲ. ನಮ್ಮ ಗೇಟ್ ಬೆಳಿಗ್ಗೆ ಆರರಿಂದ ಮುಚ್ಚಿಸುತ್ತೇನೆ, ತೋಟದ ಕೆಲಸ ನೋಡಿಕೊಳ್ಳುವ ರೈಟರ್‌ಗೆ ಇವತ್ತೇ ಹೇಳುತ್ತೇನೆ. ಬೇಲಿ ಸಂದಿಯಲ್ಲಿ ನುಸುಳುವ ನಾಯಿಗೆ ಗೇಟ್ ಸಾಲದು, ಮನೆ ಸುತ್ತ ಜಾಲರಿ ಬೇಕು. ಅದಕ್ಕೆ ಸ್ವಲ್ಪ ಸಮಯ ಬೇಕು. ಲೈನ್ ಮನೆಗಳ ನಾಯಿಗೆ ಮಾಲೀಕರು ಯಾರು ಅಂತ ಮಾತ್ರ ಹೇಳುವುದು ಕಷ್ಟ. ಕೆಲಸದವರು ಊರಿಗೆ ಹೋಗುವಾಗ ಬಿಟ್ಟು ಹೋಗುತ್ತಾರೆ.

ವಿರಾಜಪೇಟೆಯವ:
ನಿಮ್ಮ ತೋಟದೊಳಗೆ ಅನ್ನ ತಿನ್ನುವ ನಾಯಿಗೆ ಲಸಿಕೆ ಹಾಕಿಸುವ ಜವಾಬ್ದಾರಿಯಾದರೂ ತೋಟದವರು ತೆಗೆದುಕೊಳ್ಳಬೇಕು. ಒಂದು ಗೇಟ್ ಮುಚ್ಚಿದ್ದಕ್ಕೆ ಧನ್ಯವಾದ. ಉಳಿದ ಗೇಟುಗಳಿಗೆ ಗ್ರಾಮಸಭೆಯಲ್ಲಿ ಈ ವಿಷಯ ಎತ್ತುತ್ತೇನೆ, ನೀವೂ ಬನ್ನಿ.

ದನದ ಡಾಕ್ಟರ್:
ಲಸಿಕೆ ಬಗ್ಗೆ ಹೇಳಿದ್ದು ತುಂಬಾ ಮುಖ್ಯ. ಮರಿಗೆ ಮೂರು ತಿಂಗಳಾದಾಗ ಮೊದಲ ರೇಬಿಸ್ ಲಸಿಕೆ, ಆಮೇಲೆ ಬೂಸ್ಟರ್, ಮುಂದೆ ವರ್ಷಕ್ಕೊಮ್ಮೆ. ಪೇಟೆಯ ಬೀದಿನಾಯಿಗಳದ್ದು ಬೇರೆ ದಾರಿ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮದಂತೆ ಸ್ಥಳೀಯ ಸಂಸ್ಥೆ ಅವುಗಳನ್ನು ಹಿಡಿದು, ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. ರೇಬಿಸ್ ಇರುವ ಅಥವಾ ಮೈಮೇಲೆ ಬೀಳುವ ಸ್ವಭಾವದ ನಾಯಿಯನ್ನು ಹಾಗೆ ಬಿಡಬಾರದು ಅಂತ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಹೇಳಿದೆ. ದೂರು ಕೊಡುವಾಗ ಜಾಗ, ಹೊತ್ತು, ನಾಯಿಯ ಬಣ್ಣ ಬರೆದುಕೊಡಿ.

ನಾಪೋಕ್ಲು ನರ್ಸ್:
ಇಷ್ಟೆಲ್ಲ ಆದರೂ ಕಚ್ಚಿದರೆ ಏನು ಮಾಡಬೇಕು ಅಂತ ಯಾರೂ ಬರೆದಿಲ್ಲ. ಇದನ್ನು ಪೂರ್ತಿ ಓದಿ.

ಮೊದಲ ಕೆಲಸ ತೊಳೆಯುವುದು. ಹರಿಯುವ ನೀರು, ಸೋಪು, 15 ನಿಮಿಷ. ರೇಬಿಸ್ ವೈರಸ್ ಸೋಪಿಗೆ ತಾಳುವುದಿಲ್ಲ, ಅದರ ಹೊರಪದರ ಕರಗಿಹೋಗುತ್ತದೆ. ದಾರಿಯಲ್ಲಿದ್ದರೆ ಬಾಟಲಿ ನೀರು ಸುರಿದುಕೊಳ್ಳಿ, ಹತ್ತಿರದ ಮನೆಯಲ್ಲಿ ಸೋಪು ಕೇಳಿ. ನಮ್ಮಲ್ಲಿ ಗಾಯ ಅಂದ ಕೂಡಲೇ ಕಾಫಿಪುಡಿ ಮೆತ್ತುತ್ತಾರೆ. ಅರಿಶಿನ, ಸುಣ್ಣ ಕೂಡ. ಏನೂ ಹಚ್ಚಬೇಡಿ, ಬಿಗಿಯಾಗಿ ಕಟ್ಟಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.

ಹೊಕ್ಕಳ ಸುತ್ತ 14 ಇಂಜೆಕ್ಷನ್ ಅನ್ನುವುದು ಹಳೇ ಕಾಲದ ಮಾತು. ಅದೇ ಭಯಕ್ಕೆ ಈಗಲೂ ಕೆಲವರು ಬರುವುದಿಲ್ಲ. ಈಗ ಚರ್ಮಕ್ಕೆ ಕೊಡುವ ಲಸಿಕೆ 0, 3, 7, 28ನೇ ದಿನ (0 ಅಂದರೆ ಮೊದಲ ಡೋಸ್ ಹಾಕಿಸಿಕೊಂಡ ದಿನ). ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28. ಹಲ್ಲು ನಾಟಿ ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ವೈರಸ್ಸನ್ನು ತಕ್ಷಣ ತಡೆಯುವ ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಕೂಡ ಬೇಕು, ಅದನ್ನು ಕೇಳಿ ಹಾಕಿಸಿಕೊಳ್ಳಿ. ರಕ್ತ ಬರದ ಸಣ್ಣ ಪರಚು ಗಾಯಕ್ಕೂ ಲಸಿಕೆ ಬೇಕು. ನಾಯಿ ಹತ್ತು ದಿನ ಬದುಕಿರುತ್ತದಾ ನೋಡೋಣ ಅಂತ ಕಾಯಬೇಡಿ. ಲಸಿಕೆ ಶುರು ಮಾಡಿ, ಆಮೇಲೆ ನಾಯಿಯನ್ನು ಗಮನಿಸಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವುದು ಹೆಚ್ಚುಕಡಿಮೆ ಅಸಾಧ್ಯ. 2022ರಲ್ಲಿ ಕರ್ನಾಟಕ ಸರ್ಕಾರ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ ಅಂತ ಘೋಷಿಸಿದ್ದು ಸುಮ್ನೆ ಅಲ್ಲ.

ಮೂರ್ನಾಡು ಸವಾರ:
ನರ್ಸಕ್ಕ, ಮೊದಲೇ ಹಾಕಿಸಿಕೊಳ್ಳಬಹುದಾ?

ನಾಪೋಕ್ಲು ನರ್ಸ್:
ಹಾಕಿಸಿಕೊಳ್ಳಬಹುದು. ದಿನಾ ನಾಯಿಗಳ ನಡುವೆ ಓಡಾಡುವವರಿಗೆ ಒಳ್ಳೆಯದು. ಆದರೂ ಕಚ್ಚಿದರೆ ತೊಳೆಯುವುದು, 0 ಮತ್ತು 3ನೇ ದಿನ ಎರಡು ಡೋಸ್ ತಪ್ಪದು. ಇಮ್ಯುನೊಗ್ಲಾಬ್ಯುಲಿನ್ ಬೇಕಾಗುವುದಿಲ್ಲ.

ಹುದಿಕೇರಿ ಹುಡುಗಿ:
ನಾನು ಒಬ್ಬಳೇ ಹೋಗುತ್ತೇನೆ. ಎರಡು ಕಡೆಯಿಂದಲೂ ಬಂದರೆ ಸೈಕಲ್ ಅಡ್ಡ ಹಿಡಿಯುವುದು ಯಾವ ಕಡೆಗೆ?

ಕುಶಾಲನಗರ ಟೀಚರ್:
ರಸ್ತೆ ಮಧ್ಯ ನಿಲ್ಲಬೇಡ ತಂಗಿ. ದರೆಗೋ ಬೇಲಿಗೋ ಬೆನ್ನು ಕೊಟ್ಟು ನಿಲ್ಲು, ಸೈಕಲ್ ಮುಂದೆ ಇರಲಿ. ಆಗ ಹಿಂದಿನಿಂದ ಯಾವುದೂ ಬರುವುದಿಲ್ಲ. ಮುಂದೆ ಬರುವ ನಾಯಿಯನ್ನೇ ಮೊದಲು ಗದರಿಸು, ಅದು ಹಿಂದೆ ಸರಿದರೆ ಉಳಿದವೂ ಸರಿಯುತ್ತವೆ. ಹತ್ತಿರ ಮನೆ ಇದ್ದರೆ ಜೋರಾಗಿ ಕೂಗಿ ಕರೆ. ಮನೆಯವರ ದನಿಗೆ ನಾಯಿ ಬೇಗ ತಿರುಗುತ್ತದೆ. ಯಾರೂ ಇಲ್ಲದಿದ್ದರೆ ಬರುವ ಜೀಪಿಗೆ ಕೈ ತೋರಿಸಿ ನಿಧಾನ ಮಾಡಿಸಿ, ಅದರ ಪಕ್ಕದಲ್ಲೇ ಸೈಕಲ್ ತಳ್ಳಿಕೊಂಡು ದಾಟು. ನಮ್ಮ ಕಡೆ ಡ್ರೈವರ್‌ಗಳು ಕೇಳಿದರೆ ಇಲ್ಲ ಅನ್ನುವುದಿಲ್ಲ.